ಗುಜರಿ ಕಬ್ಬಿಣದ ರೆಕ್ಕೆ

"ಗುರುಗಳೇ, ಭಯವನ್ನು ಹೋಗಲಾಡಿಸುವುದು ಹೇಗೆ?" ಎಂದು ಮರುಳಸಿದ್ಧ ಕೇಳಿದ.

ಅವನು ಹನ್ನೆರಡು ವರ್ಷ ಗುರುಗಳ ಬಳಿ ಇದ್ದವನು. ಬರುವ ಸೋಮವಾರದಿಂದ ಹೊಳೆಯಾಚೆಯ ಶಾಖಾಮಠವನ್ನು ಅವನೇ ನಡೆಸಬೇಕಿತ್ತು. ಅದು ಗೊತ್ತಾದಂದಿನಿಂದ, ತಾನು ಎಡವಿದರೆ ಜನ ಏನೆಂದಾರು ಎಂದು ಅವನ ಮನಸ್ಸು ಒಂದು ಕಡೆ ನಿಲ್ಲುತ್ತಿರಲಿಲ್ಲ. ಒಂದೇ ಸಾಲನ್ನು ನಾಲ್ಕು ಬಾರಿ ಓದುತ್ತಿದ್ದ. ಯಾರಾದರೂ ಕರೆದರೆ ಬೆಚ್ಚುತ್ತಿದ್ದ.

ಯಾವ ಭಯ ಎಂದು ಗುರುಗಳು ಕೇಳಲಿಲ್ಲ. ಕುಳಿತುಕೋ ಎಂದರು. ಅವನು ಕುಳಿತ ಮೇಲೆ ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಶಿಲ್ಪಿಯಿದ್ದ. ಅವನು ಕಲ್ಲನ್ನು ಮುಟ್ಟುತ್ತಿರಲಿಲ್ಲ. ಗುಜರಿ ಅಂಗಡಿಗೆ ಹೋಗಿ, ಜನ ಬೇಡವೆಂದು ಎಸೆದ ಕಬ್ಬಿಣವನ್ನು ಆರಿಸಿ ತರುತ್ತಿದ್ದ. ಸೈಕಲ್ಲಿನ ರಿಮ್ಮು, ಕೊಳವೆಬಾವಿಯ ಪೈಪು, ಮುರಿದ ಹಲ್ಲುಚಕ್ರ, ಏನು ಸಿಕ್ಕಿದರೆ ಅದು. ಅವನ್ನು ಬೆಸೆದು ಆಕಾರಗಳನ್ನು ಕಟ್ಟುತ್ತಿದ್ದ. ಆ ಆಕಾರಗಳು ಯಾವುದನ್ನೂ ಹೋಲುತ್ತಿರಲಿಲ್ಲ.

ಆನೆಯನ್ನು ಮಾಡುವವನಿಗೆ ಒಂದು ನೆಮ್ಮದಿಯಿದೆ. ಸೊಂಡಿಲು ಗಿಡ್ಡವಾದರೆ ದಾರಿಹೋಕನೂ ಹೇಳುತ್ತಾನೆ. ಈ ಶಿಲ್ಪಿಗೆ ಹಾಗೆ ಹೇಳುವವರಿರಲಿಲ್ಲ. ಸರಿಯಾಯಿತು ಎಂದು ತನಗೆ ತಾನೇ ಹೇಳಿಕೊಳ್ಳಬೇಕಿತ್ತು. ಸಂಜೆ ಹೇಳಿಕೊಳ್ಳುತ್ತಿದ್ದ. ಬೆಳಿಗ್ಗೆ ಎದ್ದು ನೋಡಿದರೆ ಆ ನಂಬಿಕೆ ಉಳಿದಿರುತ್ತಿರಲಿಲ್ಲ. ಹೀಗೆ ಅವನಿಗೆ ಅಳುಕು ಅಭ್ಯಾಸವಾಗಿತ್ತು.

ಒಮ್ಮೆ ಆ ಊರಿನ ಶಾಲೆಯವರು ಅವನನ್ನು ಕರೆಸಿದರು. ಶಾಲೆಯ ಅಂಗಳದಲ್ಲಿ ಒಂದು ಶಿಲ್ಪ ನಿಲ್ಲಿಸಿಕೊಡಬೇಕೆಂದು ಕೇಳಿದರು. ಸ್ವಂತ ಊರಿನಲ್ಲಿ ಅವನಿಗೆ ಸಿಕ್ಕ ಮೊದಲ ಕೆಲಸ ಅದು. ಅವನು ಎರಡು ತಿಂಗಳು ದುಡಿದ. ನೆಲದಿಂದ ಒಂದು ದಪ್ಪ ಪೈಪನ್ನು ಎಬ್ಬಿಸಿ, ಸ್ವಲ್ಪ ಬಾಗಿಸಿ, ಅದರ ಸುತ್ತ ಬಳೆಗಳಂತೆ ರಿಮ್ಮುಗಳನ್ನು ಕೂರಿಸಿದ. ತುದಿಯಲ್ಲಿ ಹಳೆಯ ಎಣ್ಣೆಗಿರಣಿಯ, ಬೀಡಿನ ಎಂದರೆ ಎರಕದ ಕಬ್ಬಿಣದ, ಒಂದು ಚಕ್ರವನ್ನು ನಿಲ್ಲಿಸಿದ. ಅದು ಎರಡಾಳೆತ್ತರ ಬಂತು. ಅಷ್ಟಕ್ಕೇ ನಿಲ್ಲಿಸಬೇಕೆಂದು ಅವನಿಗೆ ಅನ್ನಿಸಿತು. ಅಂದು ಅವನಿಗೆ ಅಳುಕಿರಲಿಲ್ಲ.

ಮಾರನೆಯ ದಿನ ಊರವರು ನೋಡಲು ಬಂದರು. ಒಬ್ಬ, ಇದು ಮುರಿದ ಏಣಿಯೋ ಎಂದ. ಇನ್ನೊಬ್ಬ, ಗುಜರಿ ಅಂಗಡಿಯವನಿಗೆ ಜಾಗ ಸಾಲದೆ ಇಲ್ಲಿ ತಂದಿಟ್ಟಿರಬೇಕು ಎಂದ. ಎಲ್ಲರೂ ನಕ್ಕರು. ಶಿಲ್ಪಿಯೂ ಅವರೊಡನೆ ನಕ್ಕ. ಜನ ಹೋದ ಮೇಲೆ ಹೆಡ್ಮಾಸ್ತರರು ಅವನ ಬಳಿ ಬಂದರು. ಅವರು ಒಳ್ಳೆಯ ಮನುಷ್ಯ.

"ಆಚಾರ್ರೇ, ನನಗೇನೋ ಇದು ಹಿಡಿಸಿದೆ. ಆದರೆ ಇದೇನು ಎಂದು ಮಕ್ಕಳು ಕೇಳಿದರೆ ನಾನೇನು ಹೇಳಲಿ? ಒಂದು ಆಕಾರ ಅಂತ ಇದ್ದರೆ ಚೆನ್ನಾಗಿತ್ತು."

"ನೋಡೋಣ ಮೇಷ್ಟ್ರೇ," ಎಂದ ಶಿಲ್ಪಿ.

ಅವನು ಮನೆಗೆ ಹೋದ. ಜನರ ನಗು ಕಿವಿಯಲ್ಲಿ ಉಳಿದಿತ್ತು. ನಾನು ಕಂಡದ್ದು ನಿಜವಾಗಿ ಅಲ್ಲಿದೆಯೇ, ಇಲ್ಲ ಬರೀ ಕಬ್ಬಿಣದ ರಾಶಿಯೇ ಎಂದು ಯೋಚಿಸಿದ. ಹೆಚ್ಚು ಯೋಚಿಸಿದಷ್ಟೂ ರಾಶಿಯೇ ಕಂಡಿತು. ಮೂರನೆಯ ದಿನ ಅವನು ಒಡೆದ ಬಾಯ್ಲರಿನ ಎರಡು ದಪ್ಪ ಉಕ್ಕಿನ ತಗಡುಗಳನ್ನು ತಂದ. ರೆಕ್ಕೆಯಂತೆ ಕತ್ತರಿಸಿದ. ತುದಿಯ ಚಕ್ರದ ಎರಡು ಬದಿಗೆ ಬೆಸೆದ.

ಈಗ ಅದು ಹಕ್ಕಿಯಾಯಿತು. ನಕ್ಕವರೇ ಬಂದು ಬೆನ್ನು ತಟ್ಟಿದರು. ಏಣಿ ಎಂದವನು, ಹಾರಿಯೇ ಬಿಡುತ್ತದೆ ನೋಡಿ ಎಂದ. ಹೆಡ್ಮಾಸ್ತರರು ಅನಾವರಣಕ್ಕೆ ದಿನ ಗೊತ್ತುಮಾಡಿದರು. ಕಲ್ಲಿನ ಫಲಕದ ಮೇಲೆ ಶಿಲ್ಪಿಯ ಹೆಸರು ಕೆತ್ತಿಸಿದರು.

ಆದರೆ ಶಿಲ್ಪಿಗೆ ಒಂದು ಸಂಗತಿ ಗೊತ್ತಿತ್ತು. ಬೀಡಿಗೂ ಉಕ್ಕಿಗೂ ಬೆಸುಗೆ ಸುಲಭವಾಗಿ ಕೂರುವುದಿಲ್ಲ. ಬೀಡನ್ನು ನಿಧಾನವಾಗಿ ಕಾಯಿಸಬೇಕು, ನಿಧಾನವಾಗಿ ಆರಿಸಬೇಕು. ಅವನು ಅವಸರ ಮಾಡಿದ್ದ. ಎಡರೆಕ್ಕೆಯ ಬೆಸುಗೆ ಆರುವಾಗ ಟಿಕ್ ಎಂದು ಒಂದು ಸದ್ದು ಕೇಳಿತ್ತು. ಒಂದೇ ಸಲ. ಬೀಡು ಬಿರಿದರೆ ಅಂಥ ಸದ್ದಾಗುತ್ತದೆ. ಬಿರಿಯದಿದ್ದರೂ ಕೆಲವೊಮ್ಮೆ ಆಗುತ್ತದೆ. ಅವನು ಬಗ್ಗಿ ನೋಡಿದ್ದ. ಏನೂ ಕಾಣಲಿಲ್ಲ. ಮೇಲೆ ಬಣ್ಣ ಬಳಿದಿದ್ದ.

ಅಂದಿನಿಂದ ಅವನು ದಿನಾ ಶಾಲೆಯ ಬಳಿ ಹೋಗಿ ನಿಲ್ಲುತ್ತಿದ್ದ. ಏಣಿ ಹತ್ತಿ ಸುತ್ತಿಗೆಯಿಂದ ಬೆಸುಗೆಯನ್ನು ತಟ್ಟಿ ನೋಡುತ್ತಿದ್ದ. ಒಂದು ದಿನ ಸದ್ದು ಗಂಟೆಯಂತೆ ಬರುತ್ತಿತ್ತು. ಅವನು ಹಗುರಾಗಿ ಮನೆಗೆ ಹೋಗುತ್ತಿದ್ದ. ಮರುದಿನ ಅದೇ ಸದ್ದು ಮಂಕಾಗಿ ಕೇಳುತ್ತಿತ್ತು. ಮಂಕಾದದ್ದು ಕಬ್ಬಿಣವೋ ತನ್ನ ಕಿವಿಯೋ ಎಂದು ಅವನಿಗೆ ತಿಳಿಯುತ್ತಿರಲಿಲ್ಲ. ಗಾಳಿ ಬೀಸಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಗೆ ಬಂದು ಆ ದಿಕ್ಕಿಗೆ ಕಿವಿಗೊಡುತ್ತಿದ್ದ.

ಅನಾವರಣದ ಹಿಂದಿನ ದಿನ ಹೆಡ್ಮಾಸ್ತರರು ಅವನನ್ನು ಕೇಳಿದರು. "ಆಚಾರ್ರೇ, ಗಟ್ಟಿಯಾಗಿದೆ ತಾನೇ? ಮಕ್ಕಳು ಓಡಾಡುವ ಜಾಗ."

"ಗಟ್ಟಿಯಾಗಿದೆ ಮೇಷ್ಟ್ರೇ."

 ಇಲ್ಲ ಎಂದಿದ್ದರೆ ರೆಕ್ಕೆ ಬಿಚ್ಚಬೇಕಿತ್ತು. ರೆಕ್ಕೆ ಬಿಚ್ಚಿದರೆ ಜನ ಮತ್ತೆ ನಗುತ್ತಿದ್ದರು. ಈ ಸಲ ಅವನು ಅವರೊಡನೆ ನಗಲಾರ. ಹೆಂಡತಿಗೆ ಹೇಳಬೇಕೆಂದುಕೊಂಡ. ಅವಳು ಮಾರನೆಯ ದಿನಕ್ಕೆ ಅವನ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಅವಳ ಮುಖದ ಸಂತೋಷ ನೋಡಿ ಸುಮ್ಮನಾದ.

ಮರುದಿನ ಊರೆಲ್ಲ ಸೇರಿತು. ವೇದಿಕೆಯ ಮೇಲೆ ಶಿಲ್ಪಿಯನ್ನು ಕೂರಿಸಿ ಹಾರ ಹಾಕಿದರು. ಬಿಸಿಲು ಚುರುಕಾಗಿತ್ತು. ಪ್ರಾರ್ಥನೆ ಹಾಡಬೇಕಾದ ಮಕ್ಕಳಿಗೆ ಎಲ್ಲಿಯೂ ನೆರಳಿರಲಿಲ್ಲ. ಒಬ್ಬ ಟೀಚರು ಅವರನ್ನು ಕರೆತಂದು ಎಡರೆಕ್ಕೆಯ ನೆರಳಿನಲ್ಲಿ ಸಾಲಾಗಿ ಕೂರಿಸಿದರು. ಇಪ್ಪತ್ತು ಮಕ್ಕಳಿದ್ದರು. ಹಾಡು ಶುರುವಾಯಿತು. ಒಂದು ಹುಡುಗಿ ಹಾಡುತ್ತಲೇ ತಲೆಯೆತ್ತಿ ರೆಕ್ಕೆಯನ್ನು ನೋಡುತ್ತಿದ್ದಳು.

ಶಿಲ್ಪಿ ಎದ್ದ. ವೇದಿಕೆಯಿಂದ ಇಳಿದು ಮಕ್ಕಳತ್ತ ನಡೆದ. ನಡಿಗೆ ಓಟವಾಯಿತು.

"ಏಳಿ ಮಕ್ಕಳೇ. ಎದ್ದು ಆ ಗೋಡೆಯ ಹತ್ತಿರ ಹೋಗಿ. ಬೇಗ."

ಹಾಡು ನಿಂತಿತು. ಮಕ್ಕಳು ಎದ್ದು ಹೋದರು. ಹೆಡ್ಮಾಸ್ತರರು ಓಡಿ ಬಂದರು. "ಏನಾಯಿತು ಆಚಾರ್ರೇ?"

"ಆ ಬೆಸುಗೆಯ ಬಗ್ಗೆ ನನಗೆ ಖಾತ್ರಿಯಿಲ್ಲ."

"ನಿನ್ನೆ ಗಟ್ಟಿಯಾಗಿದೆ ಅಂದಿರಲ್ಲ?"

"ಸುಳ್ಳು ಹೇಳಿದೆ."

ಆ ಮಾತು ಮೈಕಿಲ್ಲದೆಯೂ ಎಲ್ಲರಿಗೂ ಕೇಳಿತು. ಅವನು ಮನೆಗೆ ಹೋಗಿ ಗ್ಯಾಸ್ ಕಟರ್ ತಂದ. ಜನರನ್ನು ದೂರ ನಿಲ್ಲಿಸಿ ಏಣಿ ಹತ್ತಿದ. ಹಾರವನ್ನು ತೆಗೆಯುವುದೂ ಅವನಿಗೆ ನೆನಪಾಗಲಿಲ್ಲ. ಬೆಸುಗೆಗೆ ಒಂದು ಗೇಣು ಈಚೆ ತಗಡನ್ನು ಕತ್ತರಿಸಿದ. ಮೊದಲು ಎಡರೆಕ್ಕೆ ಬಿತ್ತು, ಆಮೇಲೆ ಬಲರೆಕ್ಕೆ. ಮಕ್ಕಳು ಕುಳಿತಿದ್ದ ಕಡೆ ನೆಲದಲ್ಲಿ ಗುಂಡಿ ಬಿತ್ತು.

ಆಮೇಲೆ ಅವನು ಅರ ಹಿಡಿದು ಬೆಸುಗೆಯ ಮೇಲಿನ ಬಣ್ಣವನ್ನು ಉಜ್ಜಿದ. ಹೊಳೆಯುವ ತನಕ ಉಜ್ಜಿದ. ಕಣ್ಣನ್ನು ಹತ್ತಿರ ತಂದು ನೋಡಿದ. ಉಗುರಿನಿಂದ ಗೀಚಿ ನೋಡಿದ.

ಹೆಡ್ಮಾಸ್ತರರು ಕೆಳಗಿನಿಂದ ಕೇಳಿದರು. "ಬಿರುಕಿದೆಯಾ?"

"ಇಲ್ಲ," ಎಂದ ಶಿಲ್ಪಿ. "ಎಲ್ಲಿಯೂ ಇಲ್ಲ."

ಯಾರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಒಬ್ಬ ಅವನಿಗೆ ತಲೆ ಕೆಟ್ಟಿದೆ ಎಂದ. ಮತ್ತೊಬ್ಬ ಕುಡಿದಿದ್ದಾನೆ ಎಂದ. ಊರಿನ ಹಿರಿಯರೊಬ್ಬರು, ಬಿರುಕಿಲ್ಲದ ಬೆಸುಗೆಗಾಗಿ ನಮ್ಮೆಲ್ಲರ ಮುಂದೆ ಶಾಲೆಯ ಮಾನ ಕಳೆದೆಯಲ್ಲಯ್ಯ ಎಂದು ಬೈದು ಹೊರಟುಹೋದರು. ಹೆಂಡತಿ ತಲೆ ತಗ್ಗಿಸಿ ಗೇಟಿನ ಬಳಿ ನಿಂತಿದ್ದಳು. ಅವನು ಏಣಿಯಿಂದ ಇಳಿದ.

ಒಂದು ವಾರದೊಳಗೆ ಕಲ್ಲಿನ ಫಲಕವನ್ನು ತೆಗೆದರು. ರೆಕ್ಕೆಯಿಲ್ಲದ ಕಂಬವನ್ನು ಕೀಳುವುದು ತ್ರಾಸದ ಕೆಲಸವೆಂದು ಹಾಗೆಯೇ ಬಿಟ್ಟರು. ಮಕ್ಕಳು ಅದರ ಬಳೆಗಳೊಳಗೆ ನುಸುಳಿ ಹತ್ತುವುದನ್ನು ಕಲಿತರು. ಆ ಊರಿನವರು ಶಿಲ್ಪಿಯನ್ನು ಮತ್ತೆ ಯಾವ ಕೆಲಸಕ್ಕೂ ಕರೆಯಲಿಲ್ಲ. ಅವನು ಬೇರೆ ಊರುಗಳಲ್ಲಿ ಕೆಲಸ ಮಾಡಿದ. ಇದೇನು ಎಂದು ಕೇಳಿದವರಿಗೆ, ನನಗೂ ಪೂರ್ತಿ ತಿಳಿಯದು ಎನ್ನುತ್ತಿದ್ದ. ಆದರೆ ಪ್ರತಿ ಬೆಸುಗೆಯೂ ತಣ್ಣಗಾಗುವ ತನಕ ಅದರ ಪಕ್ಕದಲ್ಲೇ ಕಿವಿಗೊಟ್ಟು ಕೂರುತ್ತಿದ್ದ. ಆಗ ಯಾರು ಮಾತಾಡಿಸಿದರೂ ಮಾತಾಡುತ್ತಿರಲಿಲ್ಲ. ಮುದುಕನಾದ ಮೇಲೂ ಹಾಗೆಯೇ ಕೂರುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು.

 ಇನ್ನೂ ಏನೋ ಇದೆ ಎಂದು ಮರುಳಸಿದ್ಧ ಕಾದಿದ್ದ. 

"ಬಿರುಕೇ ಇರಲಿಲ್ಲವಲ್ಲ ಗುರುಗಳೇ," ಎಂದ ಅವನು. "ಹಾಗಾದರೆ ಆ ಶಿಲ್ಪಿ ಸುಮ್ಮನೆ ಹೆದರಿದ. ಸುಮ್ಮನೆ ಹೆಸರು ಕೆಡಿಸಿಕೊಂಡ."

ಗುರುಗಳು ಅವನನ್ನು ನೋಡಿದರು.

"ಅವನು ಆ ಮಕ್ಕಳಿಗಾಗಿ ಹೆದರಿದ, ನೀನು ಯಾರಿಗಾಗಿ ಹೆದರುತ್ತಿದ್ದೀಯೆ?"