ಮಾನಪ್ಪ ಒತ್ತಿ ಹಿಡಿದ ಎಂಜಿನ್

ಬಹಳ ಕಾಲದ ಹಿಂದೆ, ಕಲ್ಲಿದ್ದಲಿನ ಹೊಗೆಯಲ್ಲೇ ಬೆಳಗಾಗುತ್ತಿದ್ದ ಒಂದು ರೈಲು ಕಾರ್ಖಾನೆಯ ಊರಿನಲ್ಲಿ, ಮಾನಪ್ಪ ಕಂಬಾರ ಅಂತ ಒಬ್ಬ ಫಿಟ್ಟರ್ ಇದ್ದನಂತೆ. ಸಿಟ್ಟು ಮೂಗಿನ ತುದಿಯಲ್ಲೇ. ಕೈಕೆಲಸದಲ್ಲಿ ಮಾತ್ರ ಅವನನ್ನು ಮೀರಿಸುವವರೇ ಇರಲಿಲ್ಲ ಅಂತಾರೆ.

ಆ ಕಾರ್ಖಾನೆಗೆ ಹೊಸ ಸಾಹೇಬ ಬಂದ. ಬಂದವನೇ, ಇವರಿಗೆ ಎಂಜಿನ್ನಿನ ಗಂಧಗಾಳಿ ಗೊತ್ತಿಲ್ಲ ಎಂದು ಹನ್ನೊಂದು ಫಿಟ್ಟರುಗಳನ್ನು ಮನೆಗೆ ಕಳಿಸಿದ. ಅವರಲ್ಲಿ ಮಾನಪ್ಪನ ತಮ್ಮ ಈರಪ್ಪನೂ ಒಬ್ಬ. ಮಾನಪ್ಪನಿಗೆ ಮೈಯೆಲ್ಲ ಉರಿಯಿತು. ಅವರ ಜೊತೆ ಸೇರಿ ತಾನೊಂದು ಎರಡು ಮೊಳದ ಉಗಿ ಎಂಜಿನ್ ಮಾಡುತ್ತೇನೆ, ಅದು ಹನ್ನೊಂದೂ ಜನ ಕೂತ ಗಾಡಿಯನ್ನು ಅಂಗಳದ ಪುಟ್ಟ ಹಳಿಯ ಮೇಲೆ ಒಂದು ಸುತ್ತು ಎಳೆದರೆ ಕೆಲಸ ವಾಪಸ್ ಕೊಡಬೇಕು ಎಂದು ಸಾಹೇಬನ ಮೇಜು ಗುದ್ದಿ ಹೇಳಿದನಂತೆ. ಸಾಹೇಬ ನಕ್ಕು ಒಪ್ಪಿದ.

ಎಂಜಿನ್ ಆಯಿತು. ಆದರೆ ತೀರಾ ಹಗುರ, ಗಾಲಿ ನಿಂತಲ್ಲೇ ಗಿರಗಿರ ತಿರುಗಿತು. ಸೀಸ ಹೇರಿದರು. ಹೆಚ್ಚಾಯಿತು, ಉಗಿಯೆಲ್ಲ ತನ್ನ ಭಾರ ಹೊರುವುದಕ್ಕೇ ಖರ್ಚಾಗಿ ಏದುಸಿರು ಬಿಟ್ಟು ನಿಂತಿತು. ಸೀಸವನ್ನು ಚೂರುಚೂರೇ ಕೆತ್ತಿ ತೆಗೆದು, ಉಳಿದದ್ದನ್ನು ಹಿಂದಿನ ದೊಡ್ಡ ಗಾಲಿಗಳ ಮೇಲೇ ಕೂರಿಸಿ, ಮಾನಪ್ಪ ಹದ ಕಂಡುಕೊಂಡ. ಮೂರು ತಿಂಗಳು ಹಿಡಿಯಿತು ಅಂತಾರೆ, ಆರು ಅನ್ನುವವರೂ ಇದ್ದಾರೆ.

ಪರೀಕ್ಷೆ ಆಯುಧಪೂಜೆಯ ದಿನ. ಮಾನಪ್ಪ ಹಳಿ ನೋಡಲು ಹೋದಾಗ, ಆ ಹನ್ನೊಂದು ಮನೆಯ ಹೆಂಗಸರು ಭಕ್ತಿಯಿಂದ ಎಂಜಿನ್ನಿನ ಮೂತಿಗೆ ಬೂದುಗುಂಬಳ, ತೆಂಗಿನಕಾಯಿ, ಹಿತ್ತಾಳೆ ಗಂಟೆ ಎಲ್ಲ ಬಿಗಿದು ಕಟ್ಟಿದರು. ಅವನು ಬರುವಷ್ಟರಲ್ಲಿ ಸಾಹೇಬ ಬಂದಿದ್ದ, ಈರಪ್ಪ ಉಗಿ ಬಿಟ್ಟೂ ಆಗಿತ್ತು. ಮೂತಿ ಕೆಳಗೆ ಕುಸಿಯಿತು, ಮುಂದಿನ ಸ್ಪ್ರಿಂಗ್ ಬಾಗಿತು, ಹಿಂದಿನ ಗಾಲಿಗಳು ಹಗುರಾಗಿ ಸುಮ್ಮನೆ ತಿರುಗತೊಡಗಿದವು. ಸಾಹೇಬ ಟೋಪಿ ಹಾಕಿಕೊಂಡು ಹೊರಟ.

"ದೇವ್ರ ಹೆಸರ್ಲೆ ನಿಮ್ಮ ಗಂಡಂದಿರ ಅನ್ನಾ ಕಸ್ಕೊಂತೀರೇನ" ಅಂತ ಮಾನಪ್ಪ ಹರಿಹಾಯ್ದ. ಕುಂಬಳಕಾಯಿ ಕಿತ್ತು ಒದ್ದ. ಪೂಜೆಯ ದಿನ ಒದ್ದ, ಪೂಜಾರಿ ಕಣ್ಣು ಮುಚ್ಚಿಕೊಂಡನಂತೆ. ಆದರೂ ಬಾಗಿದ ಸ್ಪ್ರಿಂಗ್ ಏಳಲಿಲ್ಲ. ಇನ್ನಷ್ಟು ಸೀಸ ಹುಡುಕಲು ಹೊತ್ತಿರಲಿಲ್ಲ. ಮಾನಪ್ಪ ಹಿಂದಿನ ಗಾಲಿಗಳ ಮೇಲೆ, ರೊಟ್ಟಿ ಹಂಚಿನಂತೆ ಕಾದ ಬಾಯ್ಲರಿಗೆ ಬಲ ಅಂಗೈ ಊರಿ ನೆಟ್ಟಗೆ ಕೆಳಕ್ಕೆ ಒತ್ತಿದ. ಗಾಲಿ ಹಳಿ ಕಚ್ಚಿತು, ಹೊರಟಿದ್ದ ಸಾಹೇಬ ತಿರುಗಿ ನಿಂತ. ಚರ್ಮ ಸುಟ್ಟ ವಾಸನೆ ಬಂತು, ಅವನು ಕೈ ತೆಗೆಯಲಿಲ್ಲ. ಇಡೀ ಸುತ್ತು ಹಾಗೇ ಪಕ್ಕದಲ್ಲಿ ನಡೆದ.

ಹನ್ನೊಂದು ಜನಕ್ಕೆ ಕೆಲಸ ಸಿಕ್ಕಿತು. ಎಂಟು ದಿನ ಬಿಟ್ಟು, ಕಬ್ಬಿಣ ಉಜ್ಜುವ ಅರ ಹಿಡಿಯಲಾರದ ಸುಟ್ಟ ಕೈ ನಮಗೆ ಬೇಡ ಎಂದು ಸಾಹೇಬ ಮಾನಪ್ಪನನ್ನು ಗೇಟಿನಾಚೆ ಹಾಕಿದ. ಆ ಸಾಹೇಬನ ಬುದ್ಧಿ ಅಷ್ಟೇ, ಬಿಡಿ. ಆದರೆ ನಮ್ಮವರು! ಹನ್ನೊಂದರಲ್ಲಿ ಒಬ್ಬನೂ ತುಟಿ ಪಿಟಕ್ ಅನ್ನಲಿಲ್ಲ. ಒಡಹುಟ್ಟಿದ ಈರಪ್ಪ ಕೂಡ ತಲೆ ತಗ್ಗಿಸಿಕೊಂಡು ಒಳಗೆ ಹೋದ. 

ಇಂದಿಗೂ ಆ ಊರಲ್ಲಿ ಆಯುಧಪೂಜೆಗೆ ಯಂತ್ರಗಳಿಗೆ ಏನನ್ನೂ ಕಟ್ಟುವುದಿಲ್ಲ. ಗಂಡಸರು ಒಬ್ಬೊಬ್ಬರಾಗಿ ಬಂದು ಅವುಗಳ ಮೇಲೆ ಬಲ ಅಂಗೈ ಊರಿ ನಿಲ್ಲುತ್ತಾರೆ. ಹಿಂದಿನಿಂದ ಮನೆಯ ಹೆಂಗಸು, ಎಲ್ಲರಿಗೂ ಕೇಳುವಂತೆ, ಒಂದೇ ಮಾತು ಕೇಳುತ್ತಾಳೆ.

"ಅವತ್ತ ಯಾಕ ಸುಮ್ಮನಿದ್ರಿ?"

ಗಂಡಸರು ಕೈ ತೆಗೆದು ಕರ್ಪೂರ ಹಚ್ಚುತ್ತಾರೆ.