ಹೆಬ್ಬೆರಳಿಗೆ ಬಂದ ಕೆಟ್ಟ ಸುದ್ದಿ

"ನನ್ನ ಮೈಗೆ ಕಾಯಿಲೆ ಅಂದವನ ನಾಲಿಗೆ ಕತ್ತರಿಸ್ತೀನಿ!" ಹಾಲಗುಡ್ಡದ ಪಾಳೆಯಗಾರ ಕೆಂಚಪ್ಪನಾಯಕ ತುಂಬಿದ ಸಭೆಯಲ್ಲಿ ಗುಡುಗಿದ.

ಇತ್ತ ಅವನ ಬಲಗಾಲಿನ ಹೆಬ್ಬೆರಳು ನೇರಳೆಹಣ್ಣಿನಂತೆ ಕಪ್ಪಾಗುತ್ತಿತ್ತು. ಅರಮನೆಯ ವೈದ್ಯ ಗರುಡಾಚಾರ್ಯರಿಗೆ ತಮ್ಮ ನಾಲಿಗೆಯ ಮೇಲೆ ಬಹಳ ಪ್ರೀತಿ. ಬಾಗಿಲಲ್ಲೇ ನಿಂತು, "ಮಧುಮೇಹ, ಪ್ರಭೂ" ಎಂದು ಗೊಣಗಿ ಜಾರಿಕೊಂಡರು.

ನಾಯಕ ಹಿಗ್ಗಿದ. "ಮಧು ಅಂದರೆ ಜೇನು! ಎಂಥ ಬಿರುದು ಕೊಟ್ಟರು ನೋಡಿ!"

ಮರುದಿನದಿಂದ ಹೊಗಳುಭಟರು, "ಗಂಡರ ಗಂಡ, ಮಧುಮೇಹ ಕೆಂಚಪ್ಪನಾಯಕ ಬಹುಪರಾಕ್!" ಎಂದು ಕೂಗತೊಡಗಿದರು.

ನಾಯಕನ ಗಾಯ ತೊಳೆದು ಬಟ್ಟೆ ಕಟ್ಟುತ್ತಿದ್ದವಳು ತಿಪ್ಪಕ್ಕ. ಅವಳು ವೈದ್ಯರನ್ನು ಮೂಲೆಗೆ ಕರೆದು ಕೇಳಿದಳು: "ನಿಜ ಹೇಳಿ ಸ್ವಾಮಿ, ಬೆರಳು ಉಳಿಯುತ್ತಾ?"

"ನಾಳೆಯೊಳಗೆ ತೆಗೆಯದಿದ್ದರೆ ಕಾಲು ಹೋಗುತ್ತೆ. ಆಮೇಲೆ ಆಳೇ ಇರಲ್ಲ."

"ಮತ್ತೆ ಹೇಳಬಾರದಾ?"

"ನೀನೇ ಹೇಳು. ನಿನ್ನ ನಾಲಿಗೆ ಉದ್ದ. ಕತ್ತರಿಸಿದರೂ ಸ್ವಲ್ಪ ಉಳಿಯುತ್ತೆ."

ಮಧ್ಯಾಹ್ನ ತಿಪ್ಪಕ್ಕ ಬಿಸಿನೀರಿನ ಬೋಗುಣಿ ಇಟ್ಟುಕೊಂಡು ನಾಯಕನ ಕಾಲ ಬಳಿ ಕೂತಳು. ಮುಖ ಎತ್ತದೆ ಬೆರಳಿನ ಜೊತೆ ಮಾತಿಗಿಳಿದಳು.

"ಬೆರಳಪ್ಪಾ, ನಿನಗೊಂದು ಕೆಟ್ಟ ಸುದ್ದಿ ಇದೆ. ಹೇಳಲಾ, ಬೇಡವಾ?"

ನಾಯಕ ಹುಬ್ಬು ಗಂಟಿಕ್ಕಿದ. ಬೆರಳಿನತ್ತ ಬಗ್ಗಿ ನೋಡಿ, "ಹೇಳು ಅಂತಿದೆ," ಎಂದ.

"ನೀನು ಸತ್ತು ಎರಡು ದಿನ ಆಯ್ತಪ್ಪ. ನಾಳೆ ಬೆಳಗ್ಗೆ ನಿನ್ನನ್ನ ತೆಗೀಬೇಕು."

ತಿಪ್ಪಕ್ಕ ಅವಸರ ಮಾಡಲಿಲ್ಲ. ನೀರು ಹೊಯ್ಯುತ್ತಾ ಕಾದಳು.

"ಹೋಗಲ್ಲ ಅಂದರೆ?" ನಾಯಕನ ದನಿ ಸಣ್ಣಗಾಗಿತ್ತು.

"ಹಟ ಮಾಡಿದರೆ ಕಾಲನ್ನೂ, ಆಮೇಲೆ ಒಡೆಯರನ್ನೂ ಜೊತೆಗೆ ಕರಕೊಂಡು ಹೋಗ್ತೀಯ. ಈಗಲೇ ಹೊರಟರೆ ಅವರಿಗೆ ಬದುಕೋ ದಾರಿ ಇದೆ."

"ನೋವಾಗುತ್ತಾ... ಬೆರಳಿಗೆ?"

"ನಿನಗೇನು ನೋವಪ್ಪ, ಸತ್ತವನಿಗೆ! ಒಡೆಯರಿಗೆ ಆಗುತ್ತೆ. ಬಹಳ ಆಗುತ್ತೆ. ನಾನು ಪಕ್ಕದಲ್ಲೇ ಕೂತು ಅವರ ಭುಜ ಹಿಡಕೊಂಡಿರ್ತೀನಿ."

ನಾಯಕ ಕಣ್ಣೊರೆಸಿಕೊಂಡ. ತಟ್ಟನೆ ತನ್ನ ಆಜ್ಞೆ ನೆನಪಾಗಿ ಮೀಸೆ ಕುಣಿಸಿದ. "ತಿಪ್ಪಕ್ಕಾ! ನನಗೇ ಕಾಯಿಲೆ ಅಂದೆಯಾ? ಚಾಚು ನಾಲಿಗೆ!"

"ಅಯ್ಯೋ, ನಾನು ಬೆರಳಿನ ಜೊತೆ ಗುಟ್ಟು ಮಾತಾಡ್ತಿದ್ದೆ. ಒಡೆಯರು ಕದ್ದು ಕೇಳಿಸಿಕೊಂಡರೆ ಅದು ನನ್ನ ತಪ್ಪಾ?"

ನಾಯಕ ಮಂಚ ಅಲುಗುವಂತೆ ನಕ್ಕ. ಕೈಯ ಚಿನ್ನದ ಕಡಗ ಬಿಚ್ಚಿ ಅವಳ ಮಡಿಲಿಗೆ ಹಾಕಿದ.

"ನಾಳೆ ಬೇಗ ಬಂದುಬಿಡು ತಿಪ್ಪಕ್ಕ," ಎಂದ. "ಬೆರಳಿಗೆ ಸ್ವಲ್ಪ ಭಯವಂತೆ."