ಮೂರು ನಿಮಿಷ ಬಾಯಿ ಮುಚ್ಚಿದ ಅಡಿವೆಪ್ಪ

ಕೃಷ್ಣಾ ನದಿಯ ದಂಡೆಯ ಒಂದು ಊರಿನಲ್ಲಿ ಹ್ಯಾಮ್ ರೇಡಿಯೊ ಕ್ಲಬ್ ಇತ್ತು. ಹ್ಯಾಮ್ ಎಂದರೆ ಗೊತ್ತಲ್ಲ ಮಕ್ಕಳೇ? ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ತೆಗೆದುಕೊಂಡು, ಬರೀ ಹವ್ಯಾಸಕ್ಕೆಂದು ರೇಡಿಯೊದಲ್ಲಿ ಮಾತಾಡುವವರು. ಫೋನು, ಕರೆಂಟು ಎಲ್ಲಾ ಕೈಕೊಟ್ಟ ದಿನವೂ ಇವರ ಮಾತು ನಿಲ್ಲುವುದಿಲ್ಲ.

ಆ ಕ್ಲಬ್ಬಿನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿಯ ಅಡಿವೆಪ್ಪನದೇ ಜೋರು. ಅವನ ರೇಡಿಯೊ ಸೆಟ್ಟು ಎಲ್ಲರದಕ್ಕಿಂತ ದೊಡ್ಡದು, ಆಂಟೆನಾ ಕಂಬ ಎಲ್ಲರದಕ್ಕಿಂತ ಎತ್ತರ. ಜಪಾನಿನವರೂ ತನ್ನ ದನಿ ಗುರುತು ಹಿಡಿಯುತ್ತಾರೆಂದು ಚಹಾದಂಗಡಿಯಲ್ಲಿ ಎದೆಯುಬ್ಬಿಸಿ ಹೇಳುತ್ತಿದ್ದ. ಸುಳ್ಳೇನಲ್ಲ ಬಿಡಿ.

ನದಿಯ ನಡುವಿನ ಜಾಲಿಗಡ್ಡಿ ಎಂಬ ನಡುಗಡ್ಡೆಯಲ್ಲಿ ಶಾಲೆಯ ಇಮಾಮಸಾಬ ಮಾಸ್ತರರೂ ಒಬ್ಬ ಹ್ಯಾಮ್. ಅವರ ಸೆಟ್ಟು ಬಿಸ್ಕತ್ತಿನ ಡಬ್ಬಿಯೊಳಗೆ ಕೈಯಾರೆ ಜೋಡಿಸಿದ್ದು. ದನಿ ಬಾವಿಯೊಳಗಿಂದ ಬಂದ ಹಾಗೆ ಬರುತ್ತಿತ್ತು.

ಕ್ಲಬ್ಬಿನ ಅಧ್ಯಕ್ಷೆ ಕಾಶೀಬಾಯಿ. ತಂತಿ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದ ಹೆಂಗಸು. ಆಕೆಯದೊಂದು ಕಟ್ಟಳೆ: ಆಪತ್ತಿನ ದಿನ ಪ್ರತಿ ಗಂಟೆ ಹೊಡೆದ ಕೂಡಲೇ ಮೂರು ನಿಮಿಷ ಯಾರೂ ಗುಂಡಿ ಒತ್ತಬಾರದು. ಈ ರೇಡಿಯೊದಲ್ಲಿ ಗುಂಡಿ ಒತ್ತಿದರೆ ನಮ್ಮ ಮಾತು ಹೋಗುತ್ತದೆ. ಬಿಟ್ಟರೆ ಮಾತ್ರ ಆಚೆಯವರ ಮಾತು ಬರುತ್ತದೆ. ಭಾನುವಾರಗಳಂದು ಎಲ್ಲರೂ ಇದನ್ನು ರೂಢಿ ಮಾಡುತ್ತಿದ್ದರು.

"ಮಾತಾಡ್ಲಿಕ್ಕಂತ ರೇಡಿಯೊ ತಗೊಂಡು ಮೌನವ್ರತ ಮಾಡೂದೇನ್ರಿ ಅಕ್ಕಾರ?" ಎಂದು ಅಡಿವೆಪ್ಪ ನಗುತ್ತಿದ್ದ.

ಒಂದು ಶ್ರಾವಣದಲ್ಲಿ ಹೊಳೆ ಉಕ್ಕಿತು. ಫೋನುಗಳು ಸತ್ತವು. ಸೆಟ್ಟು ದೊಡ್ಡದೆಂದು ಅಡಿವೆಪ್ಪನನ್ನೇ ತಹಶೀಲ್ದಾರರ ಕಚೇರಿಯಲ್ಲಿ ಕೂರಿಸಿದರು. ಕಾಶೀಬಾಯಿ ತಮ್ಮ ಸೆಟ್ಟು ಹಿಡಿದು ಗಂಜಿ ಕೇಂದ್ರಕ್ಕೆ ಹೋದರು.

ತಹಶೀಲ್ದಾರರು ಕೇಳಿದರು, "ಜಾಲಿಗಡ್ಡಿಯೊಳಗ ಜನ ಉಳದಾರೇನ್ರಿ? ಇರೂದು ಒಂದ ಬೋಟು. ಎಲ್ಲಿಗೆ ಕಳಸಲಿ?"

ಅಡಿವೆಪ್ಪ ಬೆಳಗಿನ ಏಳಕ್ಕೇ ಶುರು ಮಾಡಿದ. "ಜಾಲಿಗಡ್ಡಿ, ಜಾಲಿಗಡ್ಡಿ, ಮಾಸ್ತರ, ನನ್ನ ದನಿ ಕೇಳತದೇನು? ಓವರ್." ಕ್ಷಣ ಬಿಟ್ಟ. ಉತ್ತರವಿಲ್ಲ. ಮತ್ತೆ ಒತ್ತಿದ, ಮತ್ತೆ ಕರೆದ. ಎಂಟು ಹೊಡೆಯಿತು. ಜನ ಮುಳುಗುವಾಗ ಬಾಯಿ ಮುಚ್ಚಿ ಕೂರುವುದೆಂಥದು ಎಂದು ಕರೆಯುತ್ತಲೇ ಇದ್ದ. ಗಂಟಲು ಹರಿದುಹೋಯಿತು. ಪಾಪ, ಅವನ ಸಂಕಟ ನಿಜವಾದದ್ದೇ.

ಒಂಬತ್ತಕ್ಕೆ ಎರಡು ನಿಮಿಷವಿರುವಾಗ ಅವನು ಸೋತು ಹೇಳಿದ, "ಯಾರೂ ಇಲ್ರಿ ಸಾಹೇಬ್ರ. ಎಲ್ಲಾರೂ ಮೊದಲಽ ದಾಟಿ ಬಂದಿರಬೇಕು."

"ಹಂಗಾದ್ರ ಬೋಟು ಬ್ಯಾರೆ ಕಡೆ ಹೋಗಲಿ" ಎಂದು ತಹಶೀಲ್ದಾರರು ಎದ್ದರು.

ಅಷ್ಟರಲ್ಲಿ ಕಾಶೀಬಾಯಿ ಏದುಸಿರು ಬಿಡುತ್ತಾ ಒಳಗೆ ಬಂದರು. ಎಂಟರ ಮೌನ ಮುರಿದದ್ದನ್ನು ತಮ್ಮ ಸೆಟ್ಟಿನಲ್ಲಿ ಕೇಳಿಸಿಕೊಂಡೇ ಓಡಿ ಬಂದಿದ್ದರು. ನೀರು ತುಂಬಿದ ದಾರಿ ದಾಟುವಷ್ಟರಲ್ಲಿ ಗಂಟೆ ಹಿಡಿದಿತ್ತು. ಗೋಡೆಯ ಗಡಿಯಾರ ನೋಡಿದರು.

"ಸಾಹೇಬ್ರ, ಒಂಬತ್ತು ಹೊಡದ ಮ್ಯಾಲ ಮೂರು ನಿಮಿಷ ತಡೀರಿ. ಅಡಿವೆಪ್ಪ, ಗುಂಡಿ ಮ್ಯಾಲಿನ ಕೈ ತಗಿ."

ಒಂಬತ್ತು ಹೊಡೆಯಿತು. ದಂಡೆಯುದ್ದಕ್ಕೂ ಇದ್ದ ಹ್ಯಾಮ್‌ಗಳೆಲ್ಲ ಸುಮ್ಮನಾದರು. ಮೊದಲ ನಿಮಿಷ ಬರೀ ಸೊರ್ರೆಂಬ ಸದ್ದು. ಅಡಿವೆಪ್ಪನ ಬೆರಳು ಗುಂಡಿಯತ್ತ ಹೋಯಿತು. ಕಾಶೀಬಾಯಿ ಅದರ ಮೇಲೆ ಪಟ್ಟೆಂದು ಹೊಡೆದರು. ಎರಡನೆಯ ನಿಮಿಷ ಶುರುವಾದಾಗ ಆ ಸದ್ದಿನ ಅಡಿಯಿಂದ ಬಾವಿಯ ದನಿ ಬಂತು.

"...ಜಾಲಿಗಡ್ಡಿ. ಹನ್ನೊಂದು ಜನ. ಶಾಲಿ ಮಾಳಿಗಿ ಮ್ಯಾಲ ಅದೀವಿ. ಒಬ್ಬಾಕಿ ದಿನ ತುಂಬಿದ ಬಸುರಿ. ಬ್ಯಾಟರಿ ಮುಗೀಲಿಕ್ಕೆ ಬಂತು. ಮೌನದ ಹೊತ್ತಿಗಂತ ಉಳಿಸಿಟ್ಟಿದ್ದೆ. ಎಂಟಕ್ಕೂ ಕರದೆ..."

ಅಷ್ಟೇ. ಬ್ಯಾಟರಿ ಸತ್ತಿತು.

ಅಡಿವೆಪ್ಪನ ಮುಖ ಬೆಳ್ಳಗಾಯಿತು. ಇನ್ನೊಂದು ಗಂಟೆಯೂ ತಾನೇ ಮಾತಾಡಿದ್ದರೆ? ಬೋಟು ಜಾಲಿಗಡ್ಡಿಗೇ ಹೋಯಿತು. ಹನ್ನೊಂದು ಜನ ದಡ ಸೇರಿದರು. ಸಂಜೆಗೆ ಗಂಜಿ ಕೇಂದ್ರದಲ್ಲಿ ಹೆಣ್ಣುಮಗು ಹುಟ್ಟಿ ಹನ್ನೆರಡಾದರು.

ಅಡಿವೆಪ್ಪ ಮಾಸ್ತರರ ಕೈ ಹಿಡಿದುಕೊಂಡ. "ತಪ್ಪಾತ್ರಿ ಮಾಸ್ತರ. ನಿಮ್ಮನ್ನ ಹುಡುಕೂದ್ರಾಗ ನಿಮ್ಮ ದನೀನ ಮುಚ್ಚಿಬಿಟ್ಟಿದ್ದೆ."

ಮಾಸ್ತರರು ನಕ್ಕರು. "ನಿಮ್ಮ ದನಿ ಕೇಳಿ ಜನಕ್ಕ ಧೈರ್ಯ ಬಂದಿತ್ರಿ. ಆದ್ರ ಹಂಗ ಬಾಗಲಾ ಬಡದಽ ಬಡದ್ರ, ಒಳಗಿನವರು 'ಬಂದೆ' ಅನ್ನೂದು ಹೆಂಗ ಕೇಳಬೇಕು?"

ಈಗ ಅಡಿವೆಪ್ಪನ ಸೆಟ್ಟಿನ ಮೇಲೆ ಒಂದು ಗಡಿಯಾರ ತೂಗುತ್ತದೆ. ಹನ್ನೆರಡರಿಂದ ಮುಂದಿನ ಮೂರು ನಿಮಿಷದ ಜಾಗಕ್ಕೆ ಅವನೇ ಕೆಂಪು ಬಣ್ಣ ಬಳಿದಿದ್ದಾನೆ. ನಿಮಿಷದ ಮುಳ್ಳು ಅಲ್ಲಿಗೆ ಬಂತೆಂದರೆ ಅವನು ಎರಡೂ ಕೈ ಕಟ್ಟಿಕೊಂಡು ಕೂರುತ್ತಾನೆ.

ನೀತಿ: ನೆರವಿಗೆ ಹೊರಟವರು ಮೊದಲು ಸುಮ್ಮನಿದ್ದು ಕೇಳಬೇಕು. ಎಲ್ಲರಿಗಿಂತ ಹೆಚ್ಚು ಕಷ್ಟದಲ್ಲಿರುವವರ ದನಿ ಎಲ್ಲರಿಗಿಂತ ಸಣ್ಣದಾಗಿರುತ್ತದೆ.